ಹನ್ನೊಂದನೆಯ ತರಗತಿಯ ಫಾರ್ಮ್: ಮೊದಲ ಸಾಲು ತುಂಬುವ ಮುನ್ನ

ಮಾನ್ಯ ಸಂಪಾದಕರೇ,

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರದಿಂದ ನಿಮ್ಮ ಪತ್ರಿಕೆಯ ಪುಟಗಳಲ್ಲಿ ಮುಂಬಯಿ, ಠಾಣೆ, ನವಿಮುಂಬಯಿಯ ಕನ್ನಡ ಸಂಘಗಳ ಪ್ರತಿಭಾ ಪುರಸ್ಕಾರದ ಸುದ್ದಿ, ಚಿತ್ರಗಳು ತುಂಬಿರುತ್ತವೆ. ತೊಂಬತ್ತು ದಾಟಿದ ಮಕ್ಕಳಿಗೆ ಶಾಲು, ಹಾರ, ಸ್ಮರಣಿಕೆ ಸಲ್ಲಲೇಬೇಕು. ಆದರೆ ಅದೇ ದಿನಗಳಲ್ಲಿ ಶೇಕಡಾ 58, 67, 74 ಪಡೆದ ಮಕ್ಕಳ ತಂದೆತಾಯಂದಿರು ಹನ್ನೊಂದನೆಯ ತರಗತಿಯ ಆನ್‌ಲೈನ್ ಫಾರ್ಮ್ ತುಂಬಿಸಲು ಸೈಬರ್ ಅಂಗಡಿಗಳ ಮುಂದೆ ನಿಂತಿರುತ್ತಾರೆ. ಅವರಲ್ಲಿ ಮರಾಠಿ ಓದಲು ತಡವರಿಸುವವರಿದ್ದಾರೆ, ಇಂಗ್ಲಿಷ್ ಅರ್ಧಂಬರ್ಧ ಬಲ್ಲವರಿದ್ದಾರೆ, ನಡುರಾತ್ರಿ ಹೊಟೇಲಿನ ಬಾಗಿಲೆಳೆದು ಮನೆಗೆ ಬರುವವರಿದ್ದಾರೆ. ಅಂಥ ಮನೆಯ ಮಗು ಗೆಳೆಯನ ಫಾರ್ಮ್ ನೋಡಿಕೊಂಡು ತನ್ನದನ್ನೂ ತುಂಬಿಬಿಡುತ್ತದೆ. ಅಲ್ಲಿ ಆಗುವ ತಪ್ಪು ಮಗುವಿನ ಎರಡು ವರ್ಷವನ್ನು ತಿನ್ನುತ್ತದೆ. ಆದ್ದರಿಂದ ಈ ಪತ್ರ ತುಸು ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇವೆ.

ಮುಂಬಯಿ ಮಹಾನಗರ ಪ್ರದೇಶದಲ್ಲಿ ಹನ್ನೊಂದನೆಯ ತರಗತಿಯ ಆನ್‌ಲೈನ್ ಪ್ರವೇಶ 2009ರಿಂದಲೇ ಇದೆ. 2025-26ರಿಂದ ಅದು ಇಡೀ ಮಹಾರಾಷ್ಟ್ರಕ್ಕೆ ಅನ್ವಯವಾಯಿತು. ಕಾಲೇಜಿನ ಕಿಟಕಿಯಲ್ಲಿ ಫಾರ್ಮ್ ಕೊಂಡು, ಪರಿಚಯದವರಿಂದ ಒಂದು ಮಾತು ಹೇಳಿಸಿ ಸೀಟು ಪಡೆಯುವ ಕಾಲ ಹೋಯಿತು. ಈಗ ಎಲ್ಲವೂ ಸರ್ಕಾರದ ಒಂದೇ ಪೋರ್ಟಲ್‌ನಲ್ಲಿ. ಫಾರ್ಮಿಗೆ ಎರಡು ಭಾಗ. ಮೊದಲ ಭಾಗದಲ್ಲಿ ಮಗುವಿನ ವಿವರ, ಅಂಕ, ಮೀಸಲಾತಿ ವರ್ಗ, ದಾಖಲೆಗಳು ಮತ್ತು ನೋಂದಣಿ ಶುಲ್ಕ. 2025ರಲ್ಲಿ ಈ ಶುಲ್ಕ 100 ರೂಪಾಯಿ ಇತ್ತು. ಎರಡನೆಯ ಭಾಗದಲ್ಲಿ ಕಾಲೇಜುಗಳ ಆದ್ಯತಾ ಪಟ್ಟಿ, ಕನಿಷ್ಠ ಒಂದು, ಗರಿಷ್ಠ ಹತ್ತು. ಮೊದಲ ಭಾಗದ ತಪ್ಪನ್ನು ದಾಖಲೆ ಪರಿಶೀಲಿಸುವವರು ಹಿಡಿದು ತೋರಿಸಬಹುದು. ಎರಡನೆಯ ಭಾಗದ ತಪ್ಪನ್ನು ಯಾರೂ ತೋರಿಸುವುದಿಲ್ಲ, ಅದು ಮೆರಿಟ್ ಲಿಸ್ಟ್ ಬಂದ ದಿನವೇ ಗೊತ್ತಾಗುವುದು. ನಮ್ಮವರು ಜಾರುವುದೂ ಹೆಚ್ಚಾಗಿ ಅಲ್ಲೇ.

ಸೀಟು ಹಂಚುವ ಕ್ರಮವನ್ನು ಮೊದಲು ತಿಳಿಯಬೇಕು. ಕಂಪ್ಯೂಟರ್ ಎಲ್ಲ ಮಕ್ಕಳನ್ನೂ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸುತ್ತದೆ. ಸಾಲಿನ ಮುಂದಿರುವ ಮಗುವಿನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಓದುತ್ತಾ, ಸೀಟು ಉಳಿದಿರುವ ಮೊದಲ ಕಾಲೇಜನ್ನು ಅದಕ್ಕೆ ಕೊಡುತ್ತದೆ. ಆಮೇಲೆ ಮುಂದಿನ ಮಗು. ನೀವು ಒಂದು ಕಾಲೇಜನ್ನು ಐದನೆಯದಾಗಿ ಬರೆದಿದ್ದೀರಿ, ನಿಮಗಿಂತ ಕಡಿಮೆ ಅಂಕದ ಹುಡುಗ ಅದನ್ನೇ ಮೊದಲನೆಯದಾಗಿ ಬರೆದಿದ್ದಾನೆ ಎಂದಿಟ್ಟುಕೊಳ್ಳಿ. ಅದರಿಂದ ಅವನಿಗೆ ಯಾವ ಲಾಭವೂ ಇಲ್ಲ. ನಿಮ್ಮ ಮೇಲಿನ ನಾಲ್ಕೂ ತುಂಬಿಹೋಗಿದ್ದರೆ ಐದನೆಯ ಕಾಲೇಜಿನಲ್ಲಿ ನಿಮ್ಮ ಮಗುವಿನ ಸರದಿಯೇ ಅವನಿಗಿಂತ ಮೊದಲು. ಅಂದಮೇಲೆ ಕೈಗೆಟುಕದ ಒಂದು ಒಳ್ಳೆಯ ಕಾಲೇಜನ್ನು ಮೇಲೆ ಬರೆದರೆ ಕೆಳಗಿನ ಸೀಟು ತಪ್ಪಿಹೋಗುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಈ ಹೆದರಿಕೆಯಿಂದಲೇ ಎಷ್ಟೋ ತಾಯಂದಿರು 'ಮೊದಲು ಸಿಗುವುದನ್ನೇ ಬರೆಯೋಣ' ಎಂದು ಮನೆ ಹತ್ತಿರದ, ಕಟ್‌ಆಫ್ ತೀರಾ ಕೆಳಗಿರುವ ಕಾಲೇಜನ್ನು ಒಂದನೆಯ ಸಾಲಿಗೆ ಹಾಕಿಬಿಡುತ್ತಾರೆ.

ಕಷ್ಟ ಶುರುವಾಗುವುದು ಆಗಲೇ. ಮೊದಲ ಆದ್ಯತೆಯ ಕಾಲೇಜೇ ಸಿಕ್ಕಿದರೆ ಅಲ್ಲಿ ಸೇರಲೇಬೇಕು ಎಂಬುದು ನಿಯಮ. ಸೇರದಿದ್ದರೆ ಮುಂದಿನ ಸಾಮಾನ್ಯ ಸುತ್ತುಗಳಿಂದ ಮಗು ಹೊರಗೆ; ಎಲ್ಲ ಸುತ್ತುಗಳೂ ಮುಗಿದ ಮೇಲೆ ಬರುವ 'ಎಲ್ಲರಿಗೂ ಮುಕ್ತ' ಸುತ್ತಿನವರೆಗೆ ಕಾಯಬೇಕು. ಸೇರಿದ ಮೇಲೆ ಸೀಟು ರದ್ದು ಮಾಡಿಸಿದರೂ ಇದೇ ಗತಿ. ಎರಡರಿಂದ ಹತ್ತರವರೆಗಿನ ಯಾವುದಾದರೂ ಸಿಕ್ಕಿದರೆ ಸೇರಬಹುದು, ಬೇಡವೆಂದರೆ ಮುಂದಿನ ಸುತ್ತಿಗೆ ಕಾಯಬಹುದು. ಒಂದನೆಯ ಸಾಲಿನಲ್ಲಿ ಬರೆಯುವುದೆಂದರೆ 'ಕೊಟ್ಟರೆ ಬಂದೇ ಬರುತ್ತೇವೆ' ಎಂದು ಮಾತು ಕೊಟ್ಟಂತೆ. ಅಲ್ಲಿ ಇರಬೇಕಾದದ್ದು ಮಗು ನಿಜವಾಗಿ ಬಯಸುವ, ಫೀ ಕಟ್ಟಲು ಮನೆಗೆ ಸಾಧ್ಯವಿರುವ, ದಿನಾ ಹೋಗಿಬರಬಹುದಾದ ಕಾಲೇಜು. ಮೂರರಲ್ಲಿ ಒಂದು ಕೂಡದಿದ್ದರೂ ಅದು ಮೊದಲ ಸಾಲಿಗೆ ಬೇಡ.

ಇದಕ್ಕೆ ಎದುರಾದ ತಪ್ಪೂ ಇದೆ. ಹತ್ತೂ ಸಾಲಿನಲ್ಲಿ ಹೆಸರಾಂತ ಕಾಲೇಜುಗಳನ್ನೇ ಬರೆದು ಮೊದಲ ಸುತ್ತಿನಲ್ಲಿ ಏನೂ ಸಿಗದೆ ಕಂಗೆಡುವುದು. ಒಂದು ಲೆಕ್ಕ ಕೊಡುತ್ತೇವೆ. ಮಹಾರಾಷ್ಟ್ರದ ಎಸ್ಸೆಸ್ಸಿಯಲ್ಲಿ ಆರು ವಿಷಯ, 600 ಅಂಕ. ಪ್ರವೇಶಕ್ಕೆ ಹಿಡಿಯುವುದು ಅತ್ಯುತ್ತಮ ಐದು ವಿಷಯಗಳ 500 ಅಂಕ, ಕಟ್‌ಆಫ್ ಹೇಳುವುದೂ 500ಕ್ಕೆ. ಮಗುವಿಗೆ 412 ಬಂದಿದೆ ಎನ್ನೋಣ, ಅಂದರೆ ಶೇಕಡಾ 82.4. ಹಿಂದಿನ ವರ್ಷದ ಮೊದಲ ಸುತ್ತಿನ ಕಟ್‌ಆಫ್ 420ರಿಂದ 430ರ ನಡುವೆ ಇದ್ದ ಕಾಲೇಜು ಎರಡೋ ಮೂರೋ ಮೇಲಿರಲಿ. 400ರಿಂದ 415ರ ನಡುವಿನವು ನಾಲ್ಕು ನಡುವೆ ಬರಲಿ. 390ಕ್ಕಿಂತ ಕೆಳಗಿನವು ಮೂರು ಕೊನೆಗಿರಲಿ, ಆದರೆ ಆ ಮೂರೂ ಮಗು ಹೋಗಲು ಒಪ್ಪುವಂಥವೇ ಆಗಿರಬೇಕು. ಕಟ್‌ಆಫ್ ಎಂದರೆ ಕಾಲೇಜು ಕಟ್ಟಿದ ಬೆಲೆಯಲ್ಲ. ಹೋದ ವರ್ಷ ಆ ಸುತ್ತಿನಲ್ಲಿ ಕೊನೆಯ ಸೀಟು ಪಡೆದ ಮಗುವಿನ ಅಂಕ, ಅಷ್ಟೇ. ಒಂದು ಪ್ರತಿಶತಕ್ಕೆ ಐದು ಅಂಕ ಎಂಬುದು ನೆನಪಿರಲಿ. ಮೂರು ಅಂಕದ ವ್ಯತ್ಯಾಸವನ್ನು ಕಂಡು ಒಂದು ಕಾಲೇಜನ್ನು ಪಟ್ಟಿಯಿಂದ ತೆಗೆದುಹಾಕಬೇಡಿ.

ಕಟ್‌ಆಫ್ ನೋಡುವಾಗ ಎಡವುವ ಇನ್ನೊಂದು ಜಾಗ ಕೋಡ್‌ಗಳದ್ದು. ಪೋರ್ಟಲ್‌ನಲ್ಲಿ ನೀವು ಆಯುವುದು ಬರಿಯ ಕಾಲೇಜಿನ ಹೆಸರನ್ನಲ್ಲ. ಶಾಖೆ, ಮಾಧ್ಯಮ, ಅನುದಾನಿತವೋ ಅಲ್ಲವೋ ಎಂಬುದನ್ನೆಲ್ಲ ಸೇರಿಸಿ ಒಂದೊಂದಕ್ಕೂ ಬೇರೆ ಕೋಡ್ ಇರುತ್ತದೆ. ಒಂದೇ ಕಟ್ಟಡದಲ್ಲಿ, ಅದೇ ಹೆಸರಿನಲ್ಲಿ, ಕಾಮರ್ಸ್‌ಗೆ ಅನುದಾನಿತ ವಿಭಾಗವೂ ಇರಬಹುದು, ಸೆಲ್ಫ್ ಫೈನಾನ್ಸ್ ವಿಭಾಗವೂ ಇರಬಹುದು. ಅನುದಾನಿತ ವಿಭಾಗದ ಶಿಕ್ಷಕರ ಸಂಬಳ ಸರ್ಕಾರದ್ದು, ಆದ್ದರಿಂದ ಫೀ ಕಡಿಮೆ, ಕಟ್‌ಆಫ್ ಹೆಚ್ಚು. ಸೆಲ್ಫ್ ಫೈನಾನ್ಸ್‌ನಲ್ಲಿ ಕಟ್‌ಆಫ್ ಇಳಿಯುತ್ತದೆ, ಫೀ ಹಲವು ಪಟ್ಟು ಏರುತ್ತದೆ. ಅನುದಾನಿತವೆಂದು ತಿಳಿದು ಸೆಲ್ಫ್ ಫೈನಾನ್ಸ್ ಕೋಡನ್ನು ಮೊದಲ ಸಾಲಿಗೆ ಹಾಕಿದ ಮನೆಯವರು, ಫೀ ಕೇಳಿದ ಮೇಲೆ ಸೇರುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ. ಕೋಡಿನ ಪಕ್ಕದಲ್ಲಿ ಬರೆದಿರುವುದನ್ನು ಓದಿ, ಆ ಕೋಡಿನ ಪೂರ್ತಿ ವರ್ಷದ ಫೀ ಎಷ್ಟೆಂದು ಕಾಲೇಜಿನ ಆಫೀಸಿನಲ್ಲೇ ಕೇಳಿ, ಹಾಳೆಯ ಮೇಲೆ ಬರೆದುಕೊಂಡ ಮೇಲೆಯೇ ಪಟ್ಟಿಗೆ ಸೇರಿಸಬೇಕು. ಸಾಧ್ಯವಿದ್ದರೆ ಅದೇ ಕಾಲೇಜಿನ ಎರಡೂ ಕೋಡ್‌ಗಳನ್ನು, ಮೊದಲು ಅನುದಾನಿತ, ಆಮೇಲೆ ಇನ್ನೊಂದು, ಹೀಗೆ ಬರೆಯಬಹುದು.

ಇನ್ನು ಕೋಟಾದ ಮಾತು. ಮುಂಬಯಿ ಕನ್ನಡಿಗರಿಗೆ ಇದು ಎಲ್ಲಕ್ಕಿಂತ ಹತ್ತಿರದ ವಿಷಯ, ಆದರೂ ಎಲ್ಲಕ್ಕಿಂತ ಕಡಿಮೆ ತಿಳಿದಿರುವ ವಿಷಯ. ಕಾಲೇಜಿನ ಸೀಟುಗಳಲ್ಲಿ ಶೇಕಡಾ 10 ಇನ್‌ಹೌಸ್ ಕೋಟಾ, ಅಂದರೆ ಅದೇ ಆಡಳಿತದ ಹೈಸ್ಕೂಲಿನಿಂದ ಬಂದ ಮಕ್ಕಳಿಗೆ. ಶೇಕಡಾ 5 ಆಡಳಿತ ಮಂಡಳಿಗೆ. ಅಲ್ಪಸಂಖ್ಯಾತ ಸಂಸ್ಥೆಯಾದರೆ ಶೇಕಡಾ 50 ಆ ಸಮುದಾಯದ ಮಕ್ಕಳಿಗೆ. ಅಲ್ಪಸಂಖ್ಯಾತ ಎಂದರೆ ಧರ್ಮದ್ದು ಮಾತ್ರವಲ್ಲ. ಸಂವಿಧಾನದ 30ನೇ ವಿಧಿ ಭಾಷೆಯನ್ನೂ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಕನ್ನಡಿಗರು ಕಟ್ಟಿದ, ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇರುವ ಜೂನಿಯರ್ ಕಾಲೇಜಿನಲ್ಲಿ ನಮ್ಮ ಮಕ್ಕಳಿಗೆಂದೇ ಅರ್ಧ ಸೀಟು ಇದೆ. ಸಾಮಾನ್ಯ ಸುತ್ತಿನಲ್ಲಿ ಕಟ್‌ಆಫ್‌ಗೆ ಹತ್ತಿಪ್ಪತ್ತು ಅಂಕ ಕಡಿಮೆಯಿರುವ ಮಗು ಈ ದಾರಿಯಲ್ಲಿ ಒಳಗೆ ಹೋಗಬಹುದು. ಕೇಳುವವರು ಇಲ್ಲದಿದ್ದರೆ ಈ ಸೀಟುಗಳನ್ನು ಕಾಲೇಜು ಸಾಮಾನ್ಯ ಪಟ್ಟಿಗೆ ಬಿಟ್ಟುಕೊಡುತ್ತದೆ. ಒಮ್ಮೆ ಬಿಟ್ಟುಕೊಟ್ಟದ್ದು ಮತ್ತೆ ಕೋಟಾಕ್ಕೆ ಬರುವುದಿಲ್ಲ.

ಇಲ್ಲಿ ಬೇಕಾಗುವ ಮುಖ್ಯ ಕಾಗದ ಶಾಲೆಯ ಲೀವಿಂಗ್ ಸರ್ಟಿಫಿಕೇಟ್ (ಎಲ್‌ಸಿ), ಊರಿನವರು ಟಿಸಿ ಎನ್ನುವುದು. ಮಹಾರಾಷ್ಟ್ರದ ಎಲ್‌ಸಿಯಲ್ಲಿ ಮಾತೃಭಾಷೆ ಎಂಬ ಕಲಂ ಇದೆ. ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿಸುವಾಗ ಗುಮಾಸ್ತರು ಅಲ್ಲಿ ಹಿಂದಿ ಎಂದೋ ಮರಾಠಿ ಎಂದೋ ಬರೆದುಬಿಟ್ಟಿರುತ್ತಾರೆ, ಹತ್ತು ವರ್ಷ ಅದನ್ನು ಯಾರೂ ನೋಡಿರುವುದಿಲ್ಲ. ತುಳು ಮಾತಾಡುವ ಮನೆಗಳಲ್ಲಿ ಇನ್ನೊಂದು ತೊಡಕು. ಎಲ್‌ಸಿಯಲ್ಲಿ 'ತುಳು' ಎಂದಿದ್ದು, ಕಾಲೇಜಿನ ಮಾನ್ಯತೆ 'ಕನ್ನಡ' ಎಂದಿದ್ದರೆ ಆಫೀಸಿನಲ್ಲಿ ಪ್ರಶ್ನೆ ಏಳುತ್ತದೆ. ಕೊಂಕಣಿಗರಿಗೂ ಹಾಗೆಯೇ. ಕಾಲೇಜಿಗೆ ಯಾವ ಭಾಷೆಯ ಹೆಸರಿನಲ್ಲಿ ಮಾನ್ಯತೆ ಇದೆ ಎಂದು ಮೊದಲೇ ಕೇಳಿಕೊಳ್ಳಿ. ಎಲ್‌ಸಿಯ ತಿದ್ದುಪಡಿಯನ್ನು ಶಾಲೆ ಬಿಡುವ ಮೊದಲೇ, ಮಗು ಒಂಬತ್ತರಲ್ಲೋ ಹತ್ತರ ಆರಂಭದಲ್ಲೋ ಇರುವಾಗಲೇ ಅರ್ಜಿ ಕೊಟ್ಟು ಮಾಡಿಸಬೇಕು. ಎಲ್‌ಸಿ ಬರೆದು ಕೊಟ್ಟ ಮೇಲೆ ತಿದ್ದಿಸುವುದು ಬಹಳ ಅಲೆದಾಟದ ಕೆಲಸ, ಪ್ರವೇಶದ ಗಡುವಿನೊಳಗೆ ಆಗುವಂಥದ್ದಲ್ಲ.

ಕೋಟಾದ ಅರ್ಜಿಗೂ ಕಾಲ ಇದೆ. 2025ರಲ್ಲಿ ಕೋಟಾ ಪ್ರವೇಶ ಜೂನ್ ಮಧ್ಯದಲ್ಲಿ, ಸಾಮಾನ್ಯ ಮೆರಿಟ್ ಲಿಸ್ಟ್‌ಗಿಂತ ಮೊದಲೇ ಶುರುವಾಯಿತು. ಮೊದಲ ಲಿಸ್ಟ್ ಬಂದದ್ದು ಜೂನ್ ಕೊನೆಗೆ. 'ಮೊದಲ ಲಿಸ್ಟ್ ನೋಡೋಣ, ಆಗದಿದ್ದರೆ ಕೋಟಾ ಕೇಳೋಣ' ಎಂದು ಕಾದವರಿಗೆ ಒಳ್ಳೆಯ ಸೀಟು ಉಳಿದಿರಲಿಕ್ಕಿಲ್ಲ. ಕೋಟಾದಲ್ಲಿ ಒಮ್ಮೆ ಪ್ರವೇಶ ಖಚಿತವಾದರೆ ಸಾಮಾನ್ಯ ಸುತ್ತು ಮುಗಿದ ಹಾಗೆಯೇ ಎಂಬುದೂ ಗೊತ್ತಿರಬೇಕು. ಎರಡು ದೋಣಿಯಲ್ಲಿ ಕಾಲಿಡಲು ಬರುವುದಿಲ್ಲ. ಅದೇ ಜೂನ್‌ನಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಜಾತಿ ಮೀಸಲಾತಿ ಅನ್ವಯಿಸುವ ಸರ್ಕಾರದ ಆದೇಶಕ್ಕೆ ಬಾಂಬೆ ಹೈಕೋರ್ಟ್ ತಡೆ ಕೊಟ್ಟಿತು. ಸೀಟುಗಳ ಲೆಕ್ಕ ಪ್ರವೇಶದ ನಡುವೆಯೇ ಹೀಗೆ ಬದಲಾಗುವುದುಂಟು. ಆದ್ದರಿಂದ ಪ್ರತಿ ಸುತ್ತಿಗೆ ಮೊದಲು ಪೋರ್ಟಲ್‌ನಲ್ಲಿ ಆ ಸುತ್ತಿಗೆ ಇರುವ ಸೀಟುಗಳ ಸಂಖ್ಯೆಯನ್ನು ಹೊಸದಾಗಿ ನೋಡಬೇಕು. ಮರಳಿ ಬಂದ ಕೋಟಾ ಸೀಟುಗಳು ಸೇರಿ, ಎರಡನೆಯ ಸುತ್ತಿನಲ್ಲಿ ಕೆಲವು ಕಾಲೇಜುಗಳ ಬಾಗಿಲು ಮತ್ತೆ ತೆರೆಯುತ್ತದೆ.

ಜಾತಿ ಮೀಸಲಾತಿಯ ಬಗ್ಗೆ ಕಹಿಯಾದ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ಕರ್ನಾಟಕದ ತಹಶೀಲ್ದಾರರು ಕೊಟ್ಟ ಜಾತಿ ಪ್ರಮಾಣಪತ್ರದಿಂದ ಮಹಾರಾಷ್ಟ್ರದಲ್ಲಿ ಮೀಸಲು ಸೀಟು ಸಿಗುವುದಿಲ್ಲ. ಮಹಾರಾಷ್ಟ್ರದ ಪ್ರಮಾಣಪತ್ರ ಬೇಕು, ಅದಕ್ಕೆ ಕುಟುಂಬ ಇಲ್ಲಿ ನೆಲೆಸಿದ ದಿನಾಂಕದ ದಾಖಲೆ ಬೇಕು. ಪರಿಶಿಷ್ಟ ಜಾತಿಗೆ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ರ ನವೆಂಬರ್ 21, ಒಬಿಸಿಗೆ 1967ರ ಅಕ್ಟೋಬರ್ 13. ಆ ದಿನಕ್ಕೆ ಅಜ್ಜನೋ ಮುತ್ತಜ್ಜನೋ ಮುಂಬಯಿಯಲ್ಲಿದ್ದರೆಂದು ತೋರಿಸುವ ಶಾಲಾ ದಾಖಲೆ, ಮಿಲ್ಲಿನ ಅಥವಾ ಬಂದರಿನ ನೌಕರಿಯ ಕಾಗದ, ಚಾಳಿನ ಬಾಡಿಗೆ ರಸೀದಿಯಂಥದ್ದು ಇದ್ದರೆ ಅದನ್ನು ಜೋಪಾನ ಮಾಡಿ. 1970ರಲ್ಲಿ ಬಂದ ಬಿಲ್ಲವ ಅಥವಾ ಮೊಗವೀರ ಕುಟುಂಬ ಎರಡು ತಲೆಮಾರು ಇಲ್ಲೇ ಬಾಳಿದ್ದರೂ ಒಬಿಸಿ ಸೀಟಿಗೆ ಅರ್ಹವಾಗುವುದಿಲ್ಲ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ವಡ್ಡರ, ಲಂಬಾಣಿ ಕುಟುಂಬಗಳಿಗೆ ಈ ನಿಯಮದ ಪೆಟ್ಟು ಇನ್ನೂ ಹೆಚ್ಚು. ಪ್ರಮಾಣಪತ್ರ ಕೈಯಲ್ಲಿಲ್ಲದೆ ಫಾರ್ಮ್‌ನಲ್ಲಿ ವರ್ಗ ತುಂಬಿ ಸೀಟು ಪಡೆದ ಮಗು, ಕಾಲೇಜಿನಲ್ಲಿ ಮೂಲ ಕಾಗದ ಕೇಳಿದಾಗ ಆ ಸೀಟನ್ನು ಕಳೆದುಕೊಳ್ಳುವ ಅಪಾಯವಿದೆ. ಖಚಿತವಿಲ್ಲದಿದ್ದರೆ ಸಾಮಾನ್ಯ ವರ್ಗದಲ್ಲೇ ತುಂಬುವುದು ಕ್ಷೇಮ. ಒಬಿಸಿಯವರಿಗೆ ನಾನ್‌ಕ್ರೀಮಿಲೇಯರ್ ಪ್ರಮಾಣಪತ್ರವೂ, ಅಂದರೆ ಕುಟುಂಬ ಸ್ಥಿತಿವಂತ ವರ್ಗಕ್ಕೆ ಸೇರಿಲ್ಲ ಎಂಬ ಕಾಗದವೂ ಬೇಕು, ಅದರ ಅವಧಿ ಮುಗಿದಿರಬಾರದು.

ಸಣ್ಣ ಸಂಗತಿಯೆಂದು ಕಂಡರೂ ದೊಡ್ಡ ನಷ್ಟ ಮಾಡುವುದು ಮೊಬೈಲ್ ನಂಬರ್. ಸೈಬರ್ ಅಂಗಡಿಯವರ ನಂಬರ್ ಹಾಕಿಸಿದರೆ ಒಟಿಪಿ ಅವರಿಗೆ ಹೋಗುತ್ತದೆ, ಸೀಟು ಸಿಕ್ಕ ಸಂದೇಶವೂ ಅವರಿಗೇ. ಮನೆಯಲ್ಲಿ ಯಾವಾಗಲೂ ಇರುವ ನಂಬರನ್ನೇ ಕೊಡಿ, ಲಾಗಿನ್ ಐಡಿ ಮತ್ತು ಪಾಸ್‌ವರ್ಡ್ ಅನ್ನು ಮಗುವಿನ ಹಳೆಯ ನೋಟ್‌ಬುಕ್ಕಿನ ರಕ್ಷಾಪುಟದಲ್ಲಿ ಬರೆದಿಡಿ. ಸೀಟು ಸಿಕ್ಕ ಮೇಲೆ ಪೋರ್ಟಲ್‌ನಲ್ಲಿ ಒಪ್ಪಿಗೆಯ ಬಟನ್ ಒತ್ತಿ, ಮೂಲ ದಾಖಲೆ ಮತ್ತು ಫೀ ಹಿಡಿದು ಗಡುವಿನೊಳಗೆ ಕಾಲೇಜಿಗೆ ಹೋಗಬೇಕು. ಕಾಲೇಜಿನವರು ತಮ್ಮ ಲಾಗಿನ್‌ನಿಂದ ಪ್ರವೇಶವನ್ನು ಖಚಿತಪಡಿಸಬೇಕು. ಫೀ ರಸೀದಿ ಕೈಗೆ ಬಂದರೆ ಕೆಲಸ ಮುಗಿಯಲಿಲ್ಲ; ಮಗುವಿನ ಲಾಗಿನ್‌ನಲ್ಲಿ 'ಪ್ರವೇಶ ಖಚಿತ' ಎಂದು ಕಂಡ ಮೇಲೆಯೇ ಮುಗಿದದ್ದು. ಸೀಟು ಸಿಗದವರು ಪ್ರತಿ ಸುತ್ತಿನಲ್ಲೂ ಲಾಗಿನ್ ಆಗಿ, ಪಟ್ಟಿಯನ್ನು ಮತ್ತೆ ನೋಡಿ, ಆ ಸುತ್ತಿಗೆ ಒಪ್ಪಿಗೆ ಕೊಡಬೇಕು. ಹಿಂದಿನ ಪಟ್ಟಿ ತಾನಾಗಿಯೇ ಮುಂದುವರಿಯುತ್ತದೆ ಎಂದು ಕೈಕಟ್ಟಿ ಕೂತವರ ಒಂದಿಡೀ ಸುತ್ತು ವ್ಯರ್ಥವಾಗುತ್ತದೆ.

ಊರಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಮಾವನ ಮನೆಗೋ ದೊಡ್ಡಪ್ಪನ ಮನೆಗೋ ಬರುವ ಮಕ್ಕಳ ಲೆಕ್ಕ ಬೇರೆ. ಕರ್ನಾಟಕದ ಎಸ್ಸೆಸ್ಸೆಲ್ಸಿ 625 ಅಂಕಕ್ಕೆ, ಪ್ರಥಮ ಭಾಷೆ 125ಕ್ಕೆ. ಕನ್ನಡದಲ್ಲಿ 115 ಬಂದರೆ ಇಲ್ಲಿಯ ಕಟ್‌ಆಫ್ ಜೊತೆ ಹೋಲಿಸುವಾಗ ಅದು 100ಕ್ಕೆ 92. ಬೇರೆ ಮಂಡಳಿಯ ಮಕ್ಕಳ ಅಂಕವನ್ನು ಕೈಯಾರೆ ತುಂಬಿ ದಾಖಲೆ ಪರಿಶೀಲನೆ ಮಾಡಿಸಬೇಕು, ಮೈಗ್ರೇಶನ್ ಪ್ರಮಾಣಪತ್ರವನ್ನು ಊರಿನಿಂದ ಹೊರಡುವ ಮೊದಲೇ ತರಬೇಕು.

ಇದಕ್ಕೆ ತಿರುಗುಮುರುಗಾಗಿ, ಇಲ್ಲಿಯ ಪಟ್ಟಿಗಾಗಿ ಕಾದು ಬೇಸತ್ತು ಮಕ್ಕಳನ್ನು ಮಂಗಳೂರು, ಮೂಡುಬಿದಿರೆ, ಕಾರ್ಕಳದ ಕಡೆ ಪಿಯುಸಿಗೆ, ಹಾಸ್ಟೆಲ್‌ಗೆ ಕಳಿಸುವವರು ಬಹಳ. ಇಲ್ಲಿ ಮೊದಲ ಲಿಸ್ಟ್ ಬರುವ ಹೊತ್ತಿಗೆ ಅಲ್ಲಿ ಪಾಠವೇ ಶುರುವಾಗಿರುತ್ತದೆ. ಅಜ್ಜಿಮನೆ ಹತ್ತಿರ, ಊಟ ನಮ್ಮದು, ಶಿಸ್ತು ಇದೆ ಎಂಬುದು ನಿಜ. ಆದರೆ ಎರಡು ವರ್ಷದ ನಂತರದ್ದನ್ನು ಇಂದೇ ಯೋಚಿಸಬೇಕು. ಮಹಾರಾಷ್ಟ್ರದ ವೈದ್ಯಕೀಯ ಕಾಲೇಜುಗಳ ರಾಜ್ಯ ಕೋಟಾಕ್ಕೆ ಹತ್ತು ಮತ್ತು ಹನ್ನೆರಡು ಎರಡನ್ನೂ ಮಹಾರಾಷ್ಟ್ರದಲ್ಲೇ ಪಾಸು ಮಾಡಿರಬೇಕು. ಹನ್ನೆರಡನ್ನು ಕರ್ನಾಟಕದಲ್ಲಿ ಓದಿದ ಮುಂಬಯಿ ಮಗು ಅಲ್ಲಿಂದ ಹೊರಬೀಳುತ್ತದೆ. ಕರ್ನಾಟಕದ ಸಿಇಟಿ ಸೀಟಿಗೆ ಮಗು ಅಲ್ಲಿ ಏಳು ವರ್ಷ ಓದಿರಬೇಕು ಎಂಬುದು ಸಾಮಾನ್ಯ ನಿಯಮ. ಬರಿಯ ಎರಡು ವರ್ಷದ ಪಿಯುಸಿ ಸಾಲದು. ಅದಕ್ಕೆ ಒಂದು ದಾರಿ ಇದೆ: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದು, ಮಗು ಪಿಯುಸಿಯ ಎರಡೂ ವರ್ಷ ಅಲ್ಲೇ ಓದಿ ಪಾಸಾಗಿದ್ದರೆ ಅರ್ಹತೆ ಸಿಗುತ್ತದೆ. ತಂದೆತಾಯಿ ಇಬ್ಬರೂ ಮುಂಬಯಿಯಲ್ಲೇ ಹುಟ್ಟಿ ಓದಿದವರಾದರೆ ಮಗು ಎರಡೂ ರಾಜ್ಯಕ್ಕೆ ಹೊರಗಿನದಾಗುವ ಅಪಾಯವಿದೆ. ಡಾಕ್ಟರ್ ಆಗಬೇಕೆಂಬ ಮಗುವನ್ನು ಊರಿಗೆ ಕಳಿಸುವ ಮೊದಲು ತಂದೆಯ ಅಥವಾ ತಾಯಿಯ ಊರ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಸಿಗುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಕಾಮರ್ಸ್, ಆರ್ಟ್ಸ್ ಓದುವ ಮಕ್ಕಳಿಗೆ ಈ ತೊಡಕು ಇಲ್ಲ.

ಕೋಚಿಂಗ್ ಕ್ಲಾಸಿನವರು ಹೇಳುವ 'ಇಂಟಿಗ್ರೇಟೆಡ್' ಕಾಲೇಜುಗಳ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ. ಕ್ಲಾಸಿನವರೇ ಒಂದು ಕಾಲೇಜಿನ ಕೋಡನ್ನು ಕೊಟ್ಟು 'ಇದನ್ನೇ ಮೊದಲು ಬರೆಯಿರಿ, ಕಾಲೇಜಿಗೆ ಹೋಗಬೇಕಿಲ್ಲ, ಹಾಜರಿ ನಾವು ನೋಡಿಕೊಳ್ಳುತ್ತೇವೆ' ಎನ್ನುತ್ತಾರೆ. ಹನ್ನೆರಡನೆಯ ಪರೀಕ್ಷೆಗೆ ಕೂರಲು ಶೇಕಡಾ 75 ಹಾಜರಿ ಬೇಕು, ವಿಜ್ಞಾನಕ್ಕೆ ಪ್ರಯೋಗಾಲಯ ಬೇಕು. ಕ್ಲಾಸಿನ ಫೀ ಕಟ್ಟಿ, ಮೂರು ತಿಂಗಳಲ್ಲಿ ಮಗುವಿಗೆ ಅದು ಒಗ್ಗಲಿಲ್ಲವೆಂದಾದರೆ, ಬಿಟ್ಟು ಬರಲು ಸರಿಯಾದ ಕಾಲೇಜೇ ಇರುವುದಿಲ್ಲ. ಕಾಲೇಜು ಮೊದಲು, ಕ್ಲಾಸು ಆಮೇಲೆ.

ಶಾಖೆಯೊಳಗಿನ ವಿಷಯಗಳನ್ನೂ ಪಟ್ಟಿ ಮಾಡುವ ಮೊದಲೇ ವಿಚಾರಿಸಿ. ವಿಜ್ಞಾನದಲ್ಲಿ ಬೈಫೋಕಲ್ ಎನ್ನುವ ವೃತ್ತಿಪರ ವಿಷಯ, ಅಂದರೆ ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್, 200 ಅಂಕದ್ದು, ಎರಡನೆಯ ಭಾಷೆ ಮತ್ತು ಇನ್ನೊಂದು ವಿಷಯದ ಜಾಗದಲ್ಲಿ ಬರುತ್ತದೆ. ಜೀವಶಾಸ್ತ್ರ ಬಿಟ್ಟು ಅದನ್ನು ತೆಗೆದುಕೊಂಡ ಮಗು ಆಮೇಲೆ ನೀಟ್ ಬರೆಯುತ್ತೇನೆಂದರೆ ದಾರಿ ಕಷ್ಟ. ಕಾಮರ್ಸ್‌ನಲ್ಲಿ ಗಣಿತ ಮತ್ತು ಐಟಿ ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಇದ್ದರೂ ಸೀಟು ಕಡಿಮೆ. ಕನ್ನಡವನ್ನೇ ಭಾಷೆಯಾಗಿ ಓದಬೇಕೆನ್ನುವವರು ಆ ಕಾಲೇಜಿನಲ್ಲಿ ಕನ್ನಡದ ಶಿಕ್ಷಕರು ಇದ್ದಾರೆಯೇ ಎಂದು ಕೇಳಬೇಕು, ಪಟ್ಟಿಯಲ್ಲಿ ಹೆಸರಿದ್ದರೆ ಸಾಲದು.

ದೂರದ ಲೆಕ್ಕವೂ ಫೀಯಷ್ಟೇ ಮುಖ್ಯ. ಡೊಂಬಿವಲಿಯ ಮಗುವಿಗೆ ಮಾಟುಂಗಾದ ರೂಯಾ, ಪೋದಾರ್ ಕಾಲೇಜುಗಳ ಆಸೆ ಸಹಜ, ಪಟ್ಟಿಯಲ್ಲಿ ಬರೆಯುವುದೂ ಸರಿ. ಆದರೆ ಬೆಳಿಗ್ಗೆ ಏಳರ ಪಾಳಿಯಾದರೆ ಐದೂವರೆಗೇ ಪ್ಲಾಟ್‌ಫಾರ್ಮಿನಲ್ಲಿರಬೇಕು. ಮಧ್ಯಾಹ್ನದ ಪಾಳಿಯಾದರೆ ಸಂಜೆಯ ಜನಜಂಗುಳಿಯ ಲೋಕಲ್‌ನಲ್ಲಿ ಹಿಂತಿರುಗಬೇಕು. ಮೀರಾರೋಡ್, ಭಾಯಂದರ್, ಕಲ್ಯಾಣ್ ಕಡೆಯವರಿಗೂ ಅಷ್ಟೇ. ಪಟ್ಟಿ ಅಂತಿಮಗೊಳಿಸುವ ಮೊದಲು ಒಂದು ವಾರದ ದಿನ, ಕಾಲೇಜಿನ ಹೊತ್ತಿಗೇ, ಮಗುವಿನೊಡನೆ ಒಮ್ಮೆ ಹೋಗಿಬನ್ನಿ. ಭಾನುವಾರ ಹೋದರೆ ಏನೂ ತಿಳಿಯುವುದಿಲ್ಲ.

ಎಲ್ಲ ಸುತ್ತು ಮುಗಿದ ಮೇಲೂ ರಾಜ್ಯದಲ್ಲಿ ಲಕ್ಷಗಟ್ಟಲೆ ಸೀಟು ಖಾಲಿ ಉಳಿಯುತ್ತವೆ. ಹಾಗಾಗಿ ಹನ್ನೊಂದಕ್ಕೆ ಸೀಟೇ ಇಲ್ಲವೆಂಬ ಭಯ ಬೇಡ. ಹನ್ನೊಂದೇ ಬೇಕೆಂದೂ ಇಲ್ಲ. ಕೈಕೆಲಸದಲ್ಲಿ ಚುರುಕಿರುವ ಮಗುವಿಗೆ ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಆಮೇಲೆ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ನೇರ ಪ್ರವೇಶ. ಬಾಂದ್ರಾದ ಸರ್ಕಾರಿ ಪಾಲಿಟೆಕ್ನಿಕ್, ಮಾಟುಂಗಾದ ವಿಜೆಟಿಐ ಎರಡರಲ್ಲೂ ಡಿಪ್ಲೊಮಾ ಇದೆ. ಐಟಿಐಯಲ್ಲಿ ಎಲೆಕ್ಟ್ರಿಶಿಯನ್, ಫಿಟ್ಟರ್ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಮುಲುಂಡ್, ಕುರ್ಲಾ, ಅಂಬರನಾಥದಲ್ಲಿ ಸರ್ಕಾರಿ ಐಟಿಐಗಳಿವೆ. ಇವೆರಡಕ್ಕೂ ಬೇರೆ ಪೋರ್ಟಲ್, ಬೇರೆ ದಿನಾಂಕ, ಬೇರೆ ಫಾರ್ಮ್. ಹನ್ನೊಂದರ ಫಾರ್ಮ್ ತುಂಬುವಾಗಲೇ ಅವನ್ನೂ ತುಂಬಿಡಬೇಕು, ಅದಕ್ಕೆ ಅಡ್ಡಿಯಿಲ್ಲ. ದುಡಿಯಲೇಬೇಕಾದ ಮಕ್ಕಳಿಗೆ ರಾತ್ರಿ ಜೂನಿಯರ್ ಕಾಲೇಜುಗಳಿವೆ. ಫಾರ್ಮ್ ನಂಬರ್ 17 ತುಂಬಿ ಹೊರಗಿನಿಂದ ಹನ್ನೆರಡನೆಯ ಪರೀಕ್ಷೆ ಬರೆಯಬಹುದು, ಹತ್ತು ಪಾಸಾಗಿ ಎರಡು ವರ್ಷ ಕಳೆದಿರಬೇಕು. ಹತ್ತರಲ್ಲಿ ಒಂದೆರಡು ವಿಷಯದಲ್ಲಿ ಫೇಲಾದ ಮಗುವೂ ಎಟಿಕೆಟಿಯಲ್ಲಿ, ಅಂದರೆ ಆ ವಿಷಯಗಳನ್ನು ಬಾಕಿ ಇಟ್ಟುಕೊಂಡೇ, ಹನ್ನೊಂದಕ್ಕೆ ಸೇರಬಹುದು, ಜೂನ್-ಜುಲೈ ಹೊತ್ತಿನ ಪೂರಕ ಪರೀಕ್ಷೆ ಬರೆದು ಪಾಸಾಗಬಹುದು. ಫೇಲಾಯಿತೆಂದು ಮಗುವನ್ನು ಜೂನ್‌ನಲ್ಲೇ ಹೊಟೇಲಿನ ಕೌಂಟರಿಗೆ ಕಳಿಸುವ ಮೊದಲು ಇದನ್ನು ದಯವಿಟ್ಟು ನೆನೆಯಿರಿ.

ಸಂಘಗಳಿಗೆ ನಮ್ಮ ವಿನಂತಿ ಒಂದೇ. ಹಗಲೆಲ್ಲ ಹೊಟೇಲಿನಲ್ಲಿ ದುಡಿಯುವ ಹುಡುಗರಿಗೆಂದು ಈ ನಗರದಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದ ಸಮಾಜ ನಮ್ಮದು. 1902ರಷ್ಟು ಹಿಂದೆಯೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದವರು, 1939ರಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ ಕಟ್ಟಿದವರು ಸನ್ಮಾನ ಮಾಡಲೆಂದು ಕಟ್ಟಿದ್ದಲ್ಲ, ಓದಲು ಬಾರದವರ ಕೈ ಹಿಡಿಯಲೆಂದು. ಇಂದು ಹಿಡಿಯಬೇಕಾದ ಕೈ ಈ ಫಾರ್ಮ್ ಮುಂದೆ ಕೂತಿದೆ. ಪ್ರತಿ ಸಂಘವೂ ಫಲಿತಾಂಶದ ಮರುದಿನದಿಂದ ಮೊದಲ ಲಿಸ್ಟ್‌ವರೆಗೆ, ಶನಿವಾರ ಮತ್ತು ಭಾನುವಾರ, ಸಂಜೆ ಐದರಿಂದ ಒಂಬತ್ತರವರೆಗೆ ಎರಡು ಲ್ಯಾಪ್‌ಟಾಪ್, ಒಂದು ಪ್ರಿಂಟರ್, ಮರಾಠಿ ಬಲ್ಲ ಇಬ್ಬರು ಕಾಲೇಜು ಹುಡುಗರು, ಒಬ್ಬ ನಿವೃತ್ತ ಶಿಕ್ಷಕರು, ಇಷ್ಟನ್ನು ಒದಗಿಸಿದರೆ ಸಾಕು. ಹಿಂದಿನ ವರ್ಷದ ಕಟ್‌ಆಫ್ ಪಟ್ಟಿಯನ್ನು ತಮ್ಮ ಉಪನಗರದ ಮೂವತ್ತು ಕಾಲೇಜುಗಳಿಗೆ ಸೀಮಿತಗೊಳಿಸಿ, ಕೋಡ್, ಫೀ, ಪಾಳಿ ಬರೆದು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಗೋಡೆಗೆ ಅಂಟಿಸಬಹುದು. ಖರ್ಚು ಒಂದು ಸನ್ಮಾನ ಸಮಾರಂಭದ ಹೂವಿನ ಅಲಂಕಾರದಷ್ಟೂ ಆಗದು. ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇರುವ ನಮ್ಮವರ ಕಾಲೇಜುಗಳು, ಕೋಟಾ ಸೀಟುಗಳನ್ನು ಬಿಟ್ಟುಕೊಡುವ ವಾರಕ್ಕೆ ಮೊದಲು, ಎಷ್ಟು ಸೀಟು ಉಳಿದಿದೆ ಎಂದು ಕನ್ನಡ ಪತ್ರಿಕೆಗಳಿಗೆ ನಾಲ್ಕು ಸಾಲು ಕಳಿಸಬೇಕು.

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ಪ್ರತಿ ಸುತ್ತಿನ ವೇಳಾಪಟ್ಟಿಯನ್ನು, ಅರ್ಜಿಯ ಕೊನೆಯ ದಿನ, ಲಿಸ್ಟ್ ಬರುವ ದಿನ, ಕಾಲೇಜಿಗೆ ಹೋಗುವ ಕೊನೆಯ ಗಂಟೆ, ಇವಿಷ್ಟನ್ನು ಮೊದಲ ಪುಟದ ಒಂದು ಚೌಕದಲ್ಲಿ ಕನ್ನಡದಲ್ಲಿ ಕೊಡಿ. ಬೆಳಿಗ್ಗೆ ಹೊಟೇಲಿನ ಗಲ್ಲಾದ ಮೇಲೆ ಪತ್ರಿಕೆ ಬಂದು ಬೀಳುತ್ತದೆ. ಅಡುಗೆಮನೆಯಿಂದ ಹಿಡಿದು ಕ್ಯಾಶಿಯರ್‌ವರೆಗೆ ಅದು ಕೈಯಿಂದ ಕೈಗೆ ಹೋಗುತ್ತದೆ. ಪೋರ್ಟಲ್ ನೋಡದ ತಂದೆ ಅದನ್ನು ನೋಡುತ್ತಾನೆ, ಮನೆಗೆ ಒಂದು ಫೋನ್ ಮಾಡುತ್ತಾನೆ.

ತಮ್ಮ ವಿಶ್ವಾಸಿಗಳು,
ಹನ್ನೊಂದನೆಯ ತರಗತಿಯ ಫಾರ್ಮ್ ತುಂಬಲು ನೆರವಾಗುವ ಇಬ್ಬರು ಶಿಕ್ಷಕರು
ಡೊಂಬಿವಲಿ ಮತ್ತು ಮುಲುಂಡ್